ಗುಳೆಯಲ್ಲಿ ತಾಯಿ, ಅಕ್ಕ, ಕೂಸು

ದೀಪಾವಳಿ ಕಳೆದು ಹೊಲದ ಕೆಲಸ ಕಡಿಮೆಯಾಗುತ್ತಿದ್ದಂತೆ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರ ಜಿಲ್ಲೆಗಳ ಹಳ್ಳಿ ಮತ್ತು ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಗೋವಾ, ಪುಣೆ, ಮುಂಬೈಗೆ, ಇನ್ನು ಕೆಲವರು ಬೆಳಗಾವಿ, ಬಾಗಲಕೋಟೆ ಮತ್ತು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ. ಬಹಳಷ್ಟು ಕುಟುಂಬಗಳು ಯುಗಾದಿಯ ಹೊತ್ತಿಗೆ, ಇಲ್ಲವೇ ಮುಂಗಾರು ಬಿತ್ತನೆಯ ಹೊತ್ತಿಗೆ ಮರಳುತ್ತವೆ. ಮಳೆಯನ್ನೇ ನಂಬಿದ ಹೊಲದಲ್ಲಿ ತೊಗರಿ ಇಲ್ಲವೇ ಜೋಳದ ಒಂದು ಬೆಳೆ ಬಂದರೆ ವರ್ಷದ ಅರ್ಧ ಭಾಗಕ್ಕೆ ಊರಲ್ಲಿ ಕೂಲಿ ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ರಾಯಚೂರು ಜಿಲ್ಲೆಯಲ್ಲೂ ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ಕಾಯುತ್ತಾರೆ, ನೀರು ಬಾರದ ವರ್ಷ ಅವರೂ ಗುಳೆಯ ಗುಂಪು ಸೇರುತ್ತಾರೆ. ಅದರ ಮೇಲೆ ಮದುವೆ ಸಾಲ, ಆಸ್ಪತ್ರೆ ಸಾಲ, ಮೇಸ್ತ್ರಿ ಮೊದಲೇ ಕೊಟ್ಟ ಮುಂಗಡ.

ಈ ಗುಳೆಯ ದೊಡ್ಡ ಲಕ್ಷಣವೆಂದರೆ ಗಂಡಸು ಒಬ್ಬನೇ ಹೋಗುವುದು ಕಡಿಮೆ. ಹೆಂಡತಿ ಜೊತೆಗೆ ಹೋಗುತ್ತಾಳೆ, ಸೊಂಟದ ಕೂಸು ಅವಳೊಂದಿಗೆ ಹೋಗುತ್ತದೆ, ಆ ಕೂಸನ್ನು ನೋಡಿಕೊಳ್ಳಲು ಹತ್ತು ಹನ್ನೆರಡು ವರ್ಷದ ಮಗಳು ಶಾಲೆ ಬಿಟ್ಟು ಹೋಗುತ್ತಾಳೆ. ತಾಯಿ, ಅಕ್ಕ, ಕೂಸು ಈ ಮೂವರ ಬದುಕು ಒಂದಕ್ಕೊಂದು ಕಟ್ಟಿಕೊಂಡಿದೆ. ಸರ್ಕಾರದ ವ್ಯವಸ್ಥೆಯಲ್ಲಾದರೆ ತಾಯಿಯ ದುಡಿಮೆ ಕಾರ್ಮಿಕ ಇಲಾಖೆಗೆ, ಅಕ್ಕನ ಓದು ಶಿಕ್ಷಣ ಇಲಾಖೆಗೆ, ಕೂಸಿನ ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಲಸಿಕೆ ಆರೋಗ್ಯ ಇಲಾಖೆಗೆ, ಮನೆಯ ಅಕ್ಕಿ ಆಹಾರ ಇಲಾಖೆಗೆ ಸೇರಿದೆ. ವಲಸೆ, ಮಹಿಳೆ ಮತ್ತು ಮಕ್ಕಳು ಎಂಬ ಮೂರನ್ನು ಸೇರಿಸಿ ಒಂದೇ ವಿಷಯವಾಗಿ ಕಲಿಸುವ ಸರ್ಟಿಫಿಕೇಟ್ ಕೋರ್ಸುಗಳು ಬೇಕಾಗುವುದು ಇದೇ ಕಾರಣಕ್ಕೆ. ಅಂಥ ಕೋರ್ಸಿಗೆ ಪ್ರವೇಶ ಪಡೆಯುವವರು ಏನನ್ನು ಕಲಿಯಬೇಕು ಎಂಬುದು ಗುಳೆಯ ಬದುಕನ್ನು ಹತ್ತಿರದಿಂದ ನೋಡಿದಾಗ ತಾನಾಗಿ ಗೊತ್ತಾಗುತ್ತದೆ.

ವಲಸೆಯ ಅಧ್ಯಯನದಲ್ಲಿ ಹೆಣ್ಣು ಮೊದಲಿನಿಂದಲೂ ಇದ್ದಳು, ಆದರೆ ಅಂಚಿನಲ್ಲಿದ್ದಳು. ಬ್ರಿಟನ್ನಿನ ಜನಗಣತಿಯನ್ನು ಆಧರಿಸಿ ಇ.ಜಿ. ರೇವನ್‌ಸ್ಟೈನ್ 1885ರಲ್ಲಿ ‘ವಲಸೆಯ ನಿಯಮಗಳು’ ಎಂಬ ಲೇಖನ ಪ್ರಕಟಿಸಿದಾಗಲೇ ಹತ್ತಿರದ ಊರುಗಳಿಗೆ ಹೋಗುವುದರಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದು ಎಂದು ಗುರುತಿಸಿದ್ದರು. ಆ ಮಾತನ್ನು ಮುಂದಿನವರು ಹೆಚ್ಚು ಬೆಳೆಸಲಿಲ್ಲ. ವಲಸಿಗನೆಂದರೆ ದುಡಿಯಲು ಹೊರಟ ಗಂಡಸು, ಹೆಂಡತಿ ಮಕ್ಕಳು ಅವನ ಹಿಂದೆ ಬಂದವರು ಎಂದೇ ಬಹುಕಾಲ ಬರೆಯಲಾಯಿತು. ಸಮಾಜಶಾಸ್ತ್ರಜ್ಞೆ ಮಿರ್ಯಾನಾ ಮೊರೊಕ್ವಾಶಿಚ್ 1984ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಈ ನೋಟವನ್ನು ನೇರವಾಗಿ ಪ್ರಶ್ನಿಸಿದ ಮೇಲೆ ವಲಸೆ ಹೋದ ಹೆಣ್ಣನ್ನು ದುಡಿಯುವವಳಾಗಿ ನೋಡುವ ಅಧ್ಯಯನಗಳು ಹೆಚ್ಚಿದವು. ಭಾರತದಲ್ಲಿ ಲೀಲಾ ಗುಲಾಟಿ ಕೇರಳದ ಮನೆಗಳನ್ನು ನೋಡಿ, ಗಂಡಂದಿರು ಕೊಲ್ಲಿ ದೇಶಗಳಿಗೆ ಹೋದ ಮೇಲೆ ಊರಲ್ಲಿ ಉಳಿದ ಹೆಂಗಸರ ಬದುಕು ಹೇಗೆ ಬದಲಾಯಿತೆಂದು 1993ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು.

ಅಂಕಿಗಳನ್ನು ಓದುವ ಕ್ರಮ ಈ ವಿಷಯದ ಮೊದಲ ಪಾಠವಾಗಬೇಕು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 45 ಕೋಟಿಗೂ ಹೆಚ್ಚು ಜನ ವಲಸಿಗರು. 2020–21ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಮಹಿಳೆಯರಲ್ಲಿ ವಲಸಿಗರ ಪ್ರಮಾಣ ಶೇ. 47.9, ಪುರುಷರಲ್ಲಿ ಶೇ. 10.7. ವಲಸೆ ಬಂದ ಮಹಿಳೆಯರಲ್ಲಿ ಶೇ. 86.8ರಷ್ಟು ಮಂದಿಯ ಕಾರಣ ಮದುವೆ ಎಂದು ದಾಖಲಾಗಿದೆ. ಈ ಅಂಕಿಯನ್ನು ಹಾಗೇ ಒಪ್ಪಿಕೊಂಡರೆ ಹೆಣ್ಣಿನ ವಲಸೆಗೂ ದುಡಿಮೆಗೂ ಸಂಬಂಧವೇ ಇಲ್ಲವೆಂದು ತೋರುತ್ತದೆ. ಗಣತಿಯವರು ಊರು ಬಿಟ್ಟದ್ದಕ್ಕೆ ಒಂದು ಮುಖ್ಯ ಕಾರಣವನ್ನಷ್ಟೇ ಬರೆದುಕೊಳ್ಳುತ್ತಾರೆ. ಮದುವೆಯಾಗಿ ಲಿಂಗಸುಗೂರಿನಿಂದ ಬೆಂಗಳೂರಿಗೆ ಬಂದು ಹತ್ತು ವರ್ಷ ಕಾಂಕ್ರೀಟ್ ಹೊತ್ತವಳೂ ಆ ಲೆಕ್ಕದಲ್ಲಿ ಮದುವೆಯಾಗಿ ಬಂದವಳು ಮಾತ್ರ. ನಾಲ್ಕು ತಿಂಗಳಿಗೆ ಹೋಗಿ ಬರುವವರ ಕಥೆ ಇನ್ನೂ ಕಷ್ಟ. ಒಂದು ತಿಂಗಳಿಗಿಂತ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಕೆಲಸಕ್ಕಾಗಿ ಊರು ಬಿಟ್ಟವರನ್ನು 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಲ್ಪಾವಧಿ ವಲಸಿಗರೆಂದು ಬೇರೆಯಾಗಿ ಕರೆಯಿತು. ಸಮೀಕ್ಷೆಯವರು ಬಂದಾಗ ಇಡೀ ಕುಟುಂಬವೇ ಮನೆಗೆ ಬೀಗ ಹಾಕಿ ಹೋಗಿದ್ದರೆ ಆ ಕುಟುಂಬ ಊರಿನ ಪಟ್ಟಿಯಲ್ಲೂ ಸಿಗುವುದಿಲ್ಲ, ಕಟ್ಟಡದ ಪಕ್ಕದ ಶೆಡ್ಡಿನಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಕೂಲಿಯ ಲೆಕ್ಕದಲ್ಲೂ ಹೆಣ್ಣು ಹೀಗೆಯೇ ಕಾಣೆಯಾಗುತ್ತಾಳೆ. ಕಬ್ಬು ಕಡಿಯುವ ಟೋಳಿಗಳಲ್ಲಿ ಗಂಡ ಹೆಂಡತಿಯ ಜೋಡಿಯೇ ಲೆಕ್ಕದ ಘಟಕ. ಮಹಾರಾಷ್ಟ್ರದಲ್ಲಿ ಆ ಜೋಡಿಗೆ ಒಂದು ‘ಕೊಯ್ತಾ’ ಎನ್ನುತ್ತಾರೆ. ಹಂಗಾಮಿಗೆ ಮೊದಲೇ ಕೂಲಿಕಾರರನ್ನು ಕರೆದೊಯ್ಯುವ ಮಧ್ಯವರ್ತಿ, ಅಂದರೆ ಮುಕಾದಮ, ಜೋಡಿಗೆಂದು ಮುಂಗಡ ಕೊಡುತ್ತಾನೆ, ಕಡಿದ ಟನ್ನಿನ ಲೆಕ್ಕದಲ್ಲಿ ಅದು ವಜಾ ಆಗುತ್ತದೆ. ಗಂಡ ಕಡಿದದ್ದನ್ನು ಹೆಂಡತಿ ಸವರಿ, ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಹೇರುತ್ತಾಳೆ. ಅವಳ ಪಾಲಿನ ಕೂಲಿ ಇಷ್ಟು ಎಂದು ಎಲ್ಲಿಯೂ ಬರೆದಿರುವುದಿಲ್ಲ. ಒಂದು ದಿನ ಅವಳು ಹುಷಾರಿಲ್ಲದೆ ಮಲಗಿದರೆ ಜೋಡಿಯ ಲೆಕ್ಕವೇ ನಿಲ್ಲುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ವಿಷಯ 2019ರಲ್ಲಿ ದೇಶದ ಗಮನ ಸೆಳೆದು, ಅಲ್ಲಿನ ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ಆ ಬೆಳವಣಿಗೆಯನ್ನು ಜೋಡಿ ಕೂಲಿಯ ಪದ್ಧತಿಯಿಂದ ಬೇರೆ ಮಾಡಿ ನೋಡಲಾಗದು. ಮುಟ್ಟಿನ ದಿನಗಳಲ್ಲಿ ಬಚ್ಚಲು, ಶೌಚಾಲಯ ಇಲ್ಲದ ಗದ್ದೆಯಲ್ಲಿ ದುಡಿಯುವವಳಿಗೆ ರಜೆಯೆಂದರೆ ಸಾಲ ತೀರದೆ ಉಳಿಯುವುದು.

ಕಟ್ಟಡ ಕೆಲಸದಲ್ಲಿ ಜೋಡಿಯ ಲೆಕ್ಕವಿಲ್ಲ, ಆದರೆ ಗಂಡಾಳಿನ ಕೂಲಿ ಬೇರೆ, ಹೆಣ್ಣಾಳಿನ ಕೂಲಿ ಬೇರೆ. ಸಮಾನ ವೇತನ ಕಾಯ್ದೆ 1976ರಲ್ಲೇ ಬಂದರೂ ಈ ವ್ಯತ್ಯಾಸ ಉಳಿದಿದೆ. ಗಂಡಸು ಮಣ್ಣು ಹೊರುತ್ತಾ ಸೇರಿ ನಾಲ್ಕಾರು ವರ್ಷದಲ್ಲಿ ಗೌಂಡಿಯಾಗಬಹುದು. ಹೆಣ್ಣು ಕರಣಿ ಹಿಡಿಯುವುದು ಅಪರೂಪ, ಅವಳು ಪುಟ್ಟಿ ಹೊರುತ್ತಾ, ಗೋಡೆಗೆ ನೀರು ಹಾಕುತ್ತಾ ಹೆಣ್ಣಾಳಾಗಿಯೇ ಉಳಿಯುತ್ತಾಳೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಕರ್ನಾಟಕದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಗಿ, ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಅದಕ್ಕೆ ಸೇರುತ್ತಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನ ಯಾರೇ ಆದರೂ ನೋಂದಣಿ ಮಾಡಿಸಬಹುದು. ಆ 90 ದಿನವನ್ನು ಸಾಬೀತುಪಡಿಸುವುದೇ ಹೆಣ್ಣಾಳಿಗೆ ಕಷ್ಟ. ಮೇಸ್ತ್ರಿಯ ಪುಸ್ತಕದಲ್ಲಿ ಹಲವು ಸಲ ಗಂಡನ ಹೆಸರಷ್ಟೇ ಇರುತ್ತದೆ. ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವವರು ಮೊದಲು ಕಲಿಯಬೇಕಾದ ಕೌಶಲಗಳಲ್ಲಿ, ಹೆಣ್ಣಿನ ಹೆಸರಿನಲ್ಲೇ ಬೇರೆ ಅರ್ಜಿ ತುಂಬಿಸುವುದೂ ಒಂದು.

ಕೂಸಿನ ವಿಷಯಕ್ಕೆ ಬಂದರೆ ಕಾನೂನು ಇದೆ, ಅದರ ಮಿತಿಯೂ ಇದೆ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಈ ಸಂಖ್ಯೆ 50 ಆಗಿತ್ತು. ಸಣ್ಣ ಗುತ್ತಿಗೆದಾರನ ಬಳಿ ಹತ್ತು ಹದಿನೈದು ಹೆಂಗಸರು ಇದ್ದರೆ, ಆ ಹೆಂಗಸರ ಕೂಸುಗಳಿಗೆ ಕಾನೂನಿನ ನೆರಳು ತಲುಪುತ್ತಿರಲಿಲ್ಲ. ದೊಡ್ಡ ಕಟ್ಟಡವೊಂದರಲ್ಲಿ ಕೆಲಸವನ್ನು ಹತ್ತು ಉಪಗುತ್ತಿಗೆಗಳಾಗಿ ಹಂಚಿದಾಗ ಯಾವ ಗುತ್ತಿಗೆದಾರನೂ ತನ್ನಲ್ಲಿ 50 ಹೆಂಗಸರಿದ್ದಾರೆಂದು ಒಪ್ಪುತ್ತಿರಲಿಲ್ಲ. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಕಟ್ಟಡ ಕೆಲಸದ ಜಾಗದಲ್ಲೇ ಒಂದು ಶಿಶುಪಾಲನಾ ಕೇಂದ್ರ ತೆರೆದು ‘ಮೊಬೈಲ್ ಕ್ರೆಷಸ್’ ಸಂಸ್ಥೆಗೆ ನಾಂದಿ ಹಾಡಿದರು. ಕಟ್ಟಡ ಮುಗಿದು ಕೂಲಿಕಾರರು ಬೇರೆ ಕಡೆ ಹೋದಾಗ ಕೇಂದ್ರವೂ ಜೊತೆಗೆ ಹೋಗಬೇಕೆಂಬುದು ಅದರ ಮೂಲ ತತ್ವ. ನಿಂತಲ್ಲೇ ನಿಂತ ಅಂಗನವಾಡಿಗೆ ಈ ಗುಣ ಇಲ್ಲ. ಗ್ರಾಮೀಣ ಭಾಗದಲ್ಲಿ 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಒಳ್ಳೆಯ ಅಂಶವನ್ನು ತಂದಿತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಅವಳಿಗೂ ಪೂರ್ತಿ ಕೂಲಿ ಕೊಡಬೇಕೆಂಬ ನಿಯಮವದು. ಕರ್ನಾಟಕ ಸರ್ಕಾರ 2023–24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಗುರಿ ಹಾಕಿಕೊಂಡಿತು. ಊರಲ್ಲೇ ಉಳಿದು ದುಡಿಯುವ ತಾಯಂದಿರಿಗೆ ಅದು ನೇರ ಆಸರೆ.

ಕೂಸನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಆ ಹೊಣೆ ಅಕ್ಕನ ಸೊಂಟಕ್ಕೆ ಬರುತ್ತದೆ. ಹಾಜರಾತಿ ಪುಸ್ತಕದಲ್ಲಿ ಅವಳು ಗೈರುಹಾಜರು, ಕಾರ್ಮಿಕ ನಿರೀಕ್ಷಕರ ಕಣ್ಣಿಗೆ ಅವಳು ದುಡಿಯುವ ಮಗು ಅಲ್ಲ. ಅಡುಗೆಗೆ ಕಟ್ಟಿಗೆ ಆಯುವುದು, ನೀರು ತರುವುದು, ತಮ್ಮನಿಗೆ ಉಣಿಸುವುದು ಯಾವ ಕಾಯ್ದೆಯ ಪಟ್ಟಿಯಲ್ಲೂ ಕೆಲಸವಾಗಿ ಬರುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ಹೇಳಿ, ಶಾಲೆಯ ವೇಳೆ ಮುಗಿದ ಮೇಲೆ ಮನೆಯವರಿಗೆ ನೆರವಾಗುವುದನ್ನು ಹೊರಗಿಟ್ಟಿದೆ. ಶಾಲೆಯೇ ಇಲ್ಲದ ಜಾಗದಲ್ಲಿ ಶಾಲೆ ಮುಗಿದ ಮೇಲಿನ ವೇಳೆ ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ. ಹೀಗಾಗಿ ಶಿಶುಪಾಲನಾ ಕೇಂದ್ರವನ್ನು ಕೂಸಿನ ಸೌಕರ್ಯವೆಂದಷ್ಟೇ ನೋಡುವುದು ತಪ್ಪು. ಅಕ್ಕನನ್ನು ಶಾಲೆಗೆ ಕಳಿಸುವ ಮೊದಲ ದಾರಿಯೂ ಅದೇ.

ಶಾಲೆಯ ಪ್ರವೇಶದ ಬಗ್ಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಹಳ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ. ಮಗುವಿನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ಬರುವುದು ತಡವಾಯಿತೆಂದಾಗಲಿ, ಜನ್ಮದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಆದರೂ ನವೆಂಬರ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೋಗುವ ಮಗು ಎರಡೂ ಶಾಲೆಗಳ ವರ್ಷದ ನಡುವೆ ಸಿಕ್ಕಿಕೊಳ್ಳುತ್ತದೆ. ಕರ್ನಾಟಕದಲ್ಲಿ ಟೆಂಟ್ ಶಾಲೆಗಳು, ತಂದೆ ತಾಯಿ ಹೋದಾಗ ಮಕ್ಕಳನ್ನು ಊರಲ್ಲೇ ಇರಿಸಿಕೊಳ್ಳುವ ಋತುಮಾನದ ವಸತಿ ನಿಲಯಗಳು, ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳ ಬಳಿಯ ಸಕ್ಕರೆ ಶಾಲೆಗಳು, ಒಡಿಶಾದಲ್ಲಿ ಬಲಾಂಗೀರ್ ಮತ್ತು ನುವಾಪಾಡಾ ಜಿಲ್ಲೆಗಳ ಋತುಮಾನದ ವಸತಿ ನಿಲಯಗಳು ಇದಕ್ಕೆ ಹುಡುಕಿದ ಉತ್ತರಗಳು. ಊರಲ್ಲೇ ಉಳಿಸಿಕೊಳ್ಳುವ ನಿಲಯಗಳಲ್ಲಿ ಓದು ಮುರಿಯುವುದಿಲ್ಲ. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷತೆಯ ಭರವಸೆ ಇಲ್ಲದಿದ್ದರೆ ತಾಯಿ ಮಗಳನ್ನು ಬಿಟ್ಟು ಹೊರಡುವುದಿಲ್ಲ. ವಾರ್ಡನ್ ಯಾರು, ರಾತ್ರಿ ಯಾರಿರುತ್ತಾರೆ, ಶೌಚಾಲಯಕ್ಕೆ ಬಾಗಿಲು ಇದೆಯೇ ಎಂಬ ಸಾಮಾನ್ಯ ಪ್ರಶ್ನೆಗಳೇ ಇಲ್ಲಿ ಯೋಜನೆಯ ಗೆಲುವು ಸೋಲನ್ನು ನಿರ್ಧರಿಸುತ್ತವೆ. ಭಾಷೆಯ ಪ್ರಶ್ನೆ ಇನ್ನೊಂದು. ಗೋವಾದ ವಾಸ್ಕೊ ಸುತ್ತಮುತ್ತ ನೆಲೆಸಿದ ಉತ್ತರ ಕರ್ನಾಟಕದ ಮಕ್ಕಳಿಗೆ ಕನ್ನಡ ಮಾಧ್ಯಮದ ಶಾಲೆಗಳು ಬೆಂಬಲವಾಗಿ ಬಂದಿವೆ. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಒಡಿಯಾ, ಬಂಗಾಳಿ ಮಗುವಿಗೂ ಅಂಥದೇ ಕಾಳಜಿ ಸಲ್ಲಬೇಕು.

ಬಸುರಿ ಗುಳೆ ಹೋದಾಗ ಆಗುವ ತೊಡಕು ಕನ್ನಡದ ಮನೆಗಳಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಕೆಲಸದ ಜಾಗ ಒಂದು, ಗಂಡನ ಊರು ಒಂದು, ಹೆರಿಗೆಗೆ ಹೋಗುವ ತವರು ಇನ್ನೊಂದು. ತಾಯಿ ಕಾರ್ಡ್ ಒಂದೂರಿನಲ್ಲಿ ಆಗಿರುತ್ತದೆ, ರಕ್ತ ಪರೀಕ್ಷೆ ಇನ್ನೊಂದೂರಿನಲ್ಲಿ, ಹೆರಿಗೆ ಮೂರನೆಯ ಕಡೆ. ಹುಟ್ಟಿದ ಕೂಸಿಗೆ 6, 10 ಮತ್ತು 14 ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಬೀಳಬೇಕು, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ–ರುಬೆಲ್ಲಾ ಲಸಿಕೆ. ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿನ ಮೊದಲ ಮೂರು ಸುತ್ತುಗಳೂ ಕಬ್ಬಿನ ಹಂಗಾಮಿನ ನಡುವೆ ಬರುತ್ತವೆ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಮಗು ‘ಊರಲ್ಲಿಲ್ಲ’, ಗದ್ದೆಯ ಹತ್ತಿರದ ಉಪಕೇಂದ್ರದ ಪುಸ್ತಕದಲ್ಲಿ ಹೆಸರೇ ಇಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಮತ್ತು ಬಾಣಂತಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಆದರೆ ಶೆಡ್ಡುಗಳಿರುವ ಜಾಗಕ್ಕೆ ಅಂಗನವಾಡಿ ಎರಡು ಮೂರು ಕಿಲೋಮೀಟರ್ ದೂರವಾದರೆ ಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿನಲ್ಲಿ ಹೋಗಿ ಉಂಡು ಬರುವುದು ಆಗದ ಮಾತು. ಊಟ ಅವಳಿದ್ದಲ್ಲಿಗೆ ಬರಬೇಕು.

ಪಡಿತರದ ಮಟ್ಟಿಗೆ ದಾರಿ ಸ್ವಲ್ಪ ಸುಗಮವಾಗಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆ 2019ರಲ್ಲಿ ಆರಂಭವಾಗಿ, 2020ರ ಜನವರಿಯಲ್ಲೇ ಕರ್ನಾಟಕ ಅದನ್ನು ಸೇರಿತು. ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಇದನ್ನು ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟು ಆ ವರ್ಷದ ಜೂನ್ 29ರಂದು ಆದೇಶಿಸಿತು. ಒಂದೇ ಕಾರ್ಡಿನ ಪಾಲನ್ನು ಊರಲ್ಲಿ ಉಳಿದ ಅಜ್ಜಿ ಸ್ವಲ್ಪ, ಬೆಂಗಳೂರಿನಲ್ಲಿರುವ ಸೊಸೆ ಸ್ವಲ್ಪ ಎತ್ತಿಕೊಳ್ಳಬಹುದು ಎಂಬುದು ಇನ್ನೂ ಹಲವರಿಗೆ ತಿಳಿದಿಲ್ಲ.

ಅಜ್ಜಿಯ ಮಾತು ಬಂದಲ್ಲಿ, ಉಳಿದವರ ಬದುಕನ್ನೂ ನೋಡಬೇಕು. ಗಂಡ ಒಬ್ಬನೇ ಹೋದ ಮನೆಗಳಲ್ಲಿ ಹೊಲ, ದನ, ಸಾಲ, ಅತ್ತೆ ಮಾವರ ಔಷಧ ಎಲ್ಲವೂ ಹೆಂಡತಿಯ ಮೇಲೆ ಬೀಳುತ್ತವೆ. ಪಹಣಿ ಅವಳ ಹೆಸರಲ್ಲಿರುವುದಿಲ್ಲವಾದ್ದರಿಂದ ಬೆಳೆ ಸಾಲ, ಬೆಳೆ ವಿಮೆಗೆ ಸಹಿ ಹಾಕಲು ಗಂಡ ಬರುವವರೆಗೆ ಕಾಯಬೇಕು. ಹೆಣ್ಣುಮಗಳನ್ನು ಬಿಟ್ಟು ಹೋಗಲು ಹೆದರುವ ತಂದೆ ತಾಯಿ ಅವಳ ಮದುವೆಯನ್ನು ಬೇಗ ಮುಗಿಸಿಬಿಡುವುದೂ ಉಂಟು. ಜೋಡಿಗೆ ಮುಂಗಡ ಕೊಡುವ ಪದ್ಧತಿ ಇರುವಲ್ಲಿ ಈ ಒತ್ತಡ ಇಮ್ಮಡಿ. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದು ಘೋಷಿಸಿದೆ. ಗುಳೆಯ ತಿಂಗಳಿಗೆ ಮೊದಲು ನಡೆಯುವ ಮದುವೆಗಳ ಮೇಲೆ ಕಣ್ಣಿಟ್ಟರೆ ಆ ಕಾನೂನು ಹೆಚ್ಚು ಕೆಲಸಕ್ಕೆ ಬರುತ್ತದೆ. ಆಪತ್ತಿನಲ್ಲಿರುವ ಮಗುವಿಗೆ 1098, ಮಹಿಳೆಗೆ 181 ಸಹಾಯವಾಣಿ.

ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆ, ವಸತಿ, ವೈದ್ಯಕೀಯ ಸೌಲಭ್ಯಗಳನ್ನು ಬರೆದಿಟ್ಟಿತು. ಮುಂಗಡ ಕೊಟ್ಟು ಹೊರರಾಜ್ಯಕ್ಕೆ ಕರೆದೊಯ್ಯಲಾಗುವ ಒಡಿಶಾದ ‘ದಾದನ್’ ಕೂಲಿಕಾರರ ಶೋಷಣೆ ಅದರ ಹಿನ್ನೆಲೆ. ಅದೀಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಹೋಗಿದೆ. ಎರಡರಲ್ಲೂ ರಾಜ್ಯದ ಗಡಿ ದಾಟಿದವರಷ್ಟೇ ವಲಸೆ ಕಾರ್ಮಿಕರು. ಬೀಡ್‌ನಿಂದ ಬೆಳಗಾವಿಗೆ ಬಂದವಳಿಗೆ ಸಿಗುವ ರಕ್ಷಣೆ, ಹೆಚ್ಚುಕಡಿಮೆ ಅಷ್ಟೇ ದೂರ ಪ್ರಯಾಣಿಸಿ ರಾಯಚೂರಿನಿಂದ ಬೆಂಗಳೂರಿಗೆ ಬಂದವಳಿಗೆ ಇಲ್ಲ. ಕರ್ನಾಟಕದ ಗುಳೆಯ ಬಹುಪಾಲು ರಾಜ್ಯದೊಳಗೇ ನಡೆಯುತ್ತದೆ ಎಂಬುದನ್ನು ನೆನೆದರೆ, ರಾಜ್ಯವೇ ತನ್ನ ಒಳವಲಸೆಗೆ ಕಾನೂನು ಮಾಡಿಕೊಳ್ಳುವ ಅಗತ್ಯ ತಿಳಿಯುತ್ತದೆ. 2020ರ ಮಾರ್ಚ್ ಕೊನೆಯ ಕೋವಿಡ್ ಲಾಕ್‌ಡೌನ್ ಈ ಕೊರತೆಗಳನ್ನೆಲ್ಲ ಹೆದ್ದಾರಿಗೆ ತಂದು ನಿಲ್ಲಿಸಿತು. ಬಸುರಿಯರು, ಕೂಸು ಹೊತ್ತವರು ನೂರಾರು ಕಿಲೋಮೀಟರ್ ನಡೆದರು. ಮೇ 1ರಿಂದ ವಲಸಿಗರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ಹೊರಟ ಮೇಲೂ ಕರ್ನಾಟಕದಲ್ಲಿ ಅವುಗಳನ್ನು ಕೆಲ ದಿನ ನಿಲ್ಲಿಸಿ, ತೀವ್ರ ಟೀಕೆಯ ನಂತರ ಮತ್ತೆ ಬಿಡಲಾಯಿತು. 2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರ ನೋಂದಣಿಗೆ ಇ–ಶ್ರಮ್ ಆರಂಭವಾದದ್ದು ಆ ದಿನಗಳ ಪಾಠದಿಂದ.

ಇಷ್ಟೆಲ್ಲ ಹೆಣೆದುಕೊಂಡ ವಿಷಯವನ್ನು ಕಲಿಯಲು ಸೇರಬೇಕಾದವರು ಸಂಶೋಧನಾ ವಿದ್ಯಾರ್ಥಿಗಳು ಮಾತ್ರವೇ ಅಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಮಿಕ ನಿರೀಕ್ಷಕ, ಶಾಲೆಯ ಮುಖ್ಯಶಿಕ್ಷಕಿ, ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯೆ, ಬಸ್ ನಿಲ್ದಾಣದ ಪೊಲೀಸ್ ಸಿಬ್ಬಂದಿ, ಇವರು ಒಂದೇ ತರಗತಿಯಲ್ಲಿ ಕೂತು ಓದಿದರೆ ಕೋರ್ಸಿಗೆ ನಿಜವಾದ ಬೆಲೆ. ಸರ್ಟಿಫಿಕೇಟ್ ಕೋರ್ಸುಗಳ ಅನುಕೂಲವೇ ಇದು. ಅವಧಿ ಸಾಮಾನ್ಯವಾಗಿ ಆರು ತಿಂಗಳು, ಅರ್ಹತೆ ಅನೇಕ ಕಡೆ ಪಿಯುಸಿ, ನೌಕರಿ ಬಿಡದೆ ಓದಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಜನವರಿ ಮತ್ತು ಜುಲೈನಲ್ಲಿ ಎರಡು ಬಾರಿ ಪ್ರವೇಶ ಕೊಡುತ್ತದೆ, ಮಾನವ ಕಳ್ಳಸಾಗಣೆ ತಡೆಯಂಥ ಹತ್ತಿರದ ವಿಷಯದ ಕೋರ್ಸನ್ನೂ ನಡೆಸಿಕೊಂಡು ಬಂದಿದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ, ಈಗಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಗುಳೆಯ ತಾಂಡಾಗಳ ನಡುವೆಯೇ ಇದೆ. ಈ ವಿಷಯವನ್ನು ಕನ್ನಡದಲ್ಲಿ ಕಲಿಸಲು ಅದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಗುಳೆ ಹೋಗಿ ಬಂದ ತಾಯಿಯ ಮಗಳೇ ಅಲ್ಲಿ ವಿದ್ಯಾರ್ಥಿನಿಯಾಗಿ ಬಂದರೆ, ಅವಳ ನೆನಪೂ ಪಠ್ಯದ ಭಾಗವಾಗಬಲ್ಲದು.

ಪ್ರವೇಶಕ್ಕೆ ಅರ್ಜಿ ಹಾಕುವವರು ಶುಲ್ಕ, ಅರ್ಹತೆಗಳ ಜೊತೆಗೆ ಮೂರು ಸಂಗತಿ ವಿಚಾರಿಸುವುದು ಒಳ್ಳೆಯದು. ಪಾಠ ಮತ್ತು ಪರೀಕ್ಷೆ ಕನ್ನಡದಲ್ಲಿ ಇದೆಯೇ, ಅರ್ಜಿ ತುಂಬುವುದರಿಂದ ಹಿಡಿದು ಪ್ರಕರಣ ದಾಖಲಿಸುವವರೆಗಿನ ಕೈಕೆಲಸ ಕಲಿಸುತ್ತಾರೆಯೇ, ಕ್ಷೇತ್ರಕಾರ್ಯ ಯಾವ ತಿಂಗಳಲ್ಲಿ ಇದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಜುಲೈನಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯುವ ಕೋರ್ಸಿನ ವಿದ್ಯಾರ್ಥಿ ಜನ ಹೊರಡುವುದನ್ನು ಮಾತ್ರ ನೋಡಬಲ್ಲ. ಅಕ್ಟೋಬರ್ ಕೊನೆಗೆ ತರಗತಿ ಆರಂಭಿಸಿ, ಮೊದಲ ಕ್ಷೇತ್ರಕಾರ್ಯವನ್ನು ಹಳ್ಳಿಯಲ್ಲಿ ಮುಂಗಡದ ಮಾತುಕತೆ ನಡೆಯುವಾಗ, ಎರಡನೆಯದನ್ನು ಫೆಬ್ರುವರಿಯಲ್ಲಿ ಕಬ್ಬಿನ ಗದ್ದೆ ಅಥವಾ ಕಟ್ಟಡದ ಶೆಡ್ಡುಗಳಲ್ಲಿ, ಮೂರನೆಯದನ್ನು ಏಪ್ರಿಲ್‌ನಲ್ಲಿ ಕುಟುಂಬ ಮರಳಿದ ಮೇಲೆ ಅದೇ ಹಳ್ಳಿಯಲ್ಲಿ ಇಟ್ಟರೆ, ಒಂದೇ ಕುಟುಂಬದ ತಾಯಿಯ ಕೂಲಿ, ಅಕ್ಕನ ಹಾಜರಾತಿ, ಕೂಸಿನ ತೂಕ ಮೂರನ್ನೂ ಮೂರು ಬಾರಿ ಅಳೆದು ದಾಖಲಿಸಬಹುದು.